ಬಾಣಂತನ ಮುಗಿಸಿ ಬಂದ ಮೇಲೆ ಹೆಂಡತಿ ದೂರವಾಗಿದ್ದಾಳೆ

ಪ್ರಶ್ನೆ: ಬೆಂಗಳೂರಿನಲ್ಲಿ ನಾವಿಬ್ಬರೂ ಕೆಲಸದಲ್ಲಿದ್ದೇವೆ. ಮಗಳಿಗೆ ಐದು ತಿಂಗಳು. ಬಾಣಂತನಕ್ಕೆ ಶಿವಮೊಗ್ಗದ ತವರಿಗೆ ಹೋಗಿದ್ದ ಹೆಂಡತಿ ವಾಪಸ್ ಬಂದು ಮೂರು ವಾರವಾಯಿತು. ನಾನು ಎತ್ತಿಕೊಂಡರೆ ಮಗು ಅಳುತ್ತದೆ. 'ಕೊಡಿ ಇಲ್ಲಿ, ನಿಮಗೆ ಗೊತ್ತಾಗಲ್ಲ' ಎಂದು ಹೆಂಡತಿ ಕಿತ್ತುಕೊಳ್ಳುತ್ತಾಳೆ. ರಾತ್ರಿ ನಾನು ಹಾಲ್‌ನಲ್ಲಿ ಮಲಗುತ್ತೇನೆ. ಮುಟ್ಟಿದರೂ ಸಿಡುಕುತ್ತಾಳೆ. ನಾನು ಅವಳಿಗೆ ಬೇಡವಾದೆನಾ?

ಉತ್ತರ: ಇಲ್ಲ, ಬೇಡವಾಗಿಲ್ಲ. ತವರಿನಲ್ಲಿ ಆಕೆಯ ದಿನಗಳು ಹೇಗಿದ್ದವು ಎಂದು ಒಮ್ಮೆ ಯೋಚಿಸಿ. ಕಾಲು ಚಾಚಿ ಕೂತು ಮಗುವನ್ನು ಬೋರಲು ಹಾಕಿಕೊಂಡು ನೀರು ಹಾಕುವುದು, ಹಾಲು ಕುಡಿಸಿ ಹೆಗಲಿಗೆ ಹಾಕಿಕೊಂಡು ತೇಗಿಸುವುದು, ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು, ಎಲ್ಲವನ್ನೂ ಅಮ್ಮ ಪಕ್ಕದಲ್ಲೇ ಕೂತು ಕಲಿಸಿರುತ್ತಾರೆ. ನೀವು ವಾರದ ಕೊನೆಗೆ ಬಸ್ಸು ಹತ್ತಿ ಹೋಗಿ, ಮಗು ನೋಡಿಕೊಂಡು ಬಂದಿರುತ್ತೀರಿ. ತಪ್ಪು ನಿಮ್ಮದಲ್ಲ. ಬಾಣಂತಿ ಕೋಣೆಯಲ್ಲಿ ಗಂಡನಿಗೆ ನಾವು ಜಾಗವನ್ನೇ ಇಟ್ಟಿಲ್ಲ. ಮಗಳನ್ನು ತಾಯಿ ಮಾಡಿ ಕಳಿಸುತ್ತೇವೆ, ಅಳಿಯ ಮಾತ್ರ ನೆಂಟನ ಹಾಗೆ ಬಂದು ಹೋಗುತ್ತಾನೆ. ಈಗ ಆಕೆಯ ಪಕ್ಕದಲ್ಲಿ ಅಮ್ಮನೂ ಇಲ್ಲ.

'ಏನಾದ್ರೂ ಸಹಾಯ ಮಾಡಲಾ?' ಎಂದು ಕೇಳಬೇಡಿ. ಅದಕ್ಕೆ ಯೋಚಿಸಿ ಉತ್ತರ ಹೇಳುವುದೂ ಆಕೆಗೆ ಇನ್ನೊಂದು ಕೆಲಸ. ಮಗುವಿನ ಸ್ನಾನವನ್ನು ಪೂರ್ತಿ ನೀವೇ ವಹಿಸಿಕೊಳ್ಳಿ. ಎಣ್ಣೆ ಹಚ್ಚುವುದರಿಂದ ಹಿಡಿದು, ತಲೆ ಒರೆಸಿ ತೊಟ್ಟಿಲಿಗೆ ಹಾಕುವವರೆಗೆ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿ. ಮೊದಲ ನಾಲ್ಕು ದಿನ ಆಕೆ ಪಕ್ಕದಲ್ಲಿ ನಿಂತು ತೋರಿಸಲಿ. ಮಗು ಅಳುತ್ತದೆ. ಹೆದರಿ ತಕ್ಷಣ ಆಕೆಯ ಕೈಗೆ ಕೊಟ್ಟುಬಿಡಬೇಡಿ. ನಿಮ್ಮ ದನಿ, ನಿಮ್ಮ ಕೈ ಮಗುವಿಗೆ ಪರಿಚಯವಾಗಬೇಕು ಅಲ್ವಾ?

ಹಾಸಿಗೆಯನ್ನು ಹಾಲ್‌ನಿಂದ ಒಳಗೆ ತನ್ನಿ. ರಾತ್ರಿ ಹಾಲು ಕುಡಿಸುವುದು ಆಕೆ, ತೇಗಿಸಿ ಮಲಗಿಸುವುದು ನೀವು. ಆಕೆ ಕುಡಿಸಲು ಕೂತಾಗ ಒಂದು ಚೊಂಬು ನೀರು ಪಕ್ಕಕ್ಕಿಡಿ. ಆ ಹೊತ್ತಿನ ಬಾಯಾರಿಕೆ ಎಂಥದ್ದು ಅಂತ ನನಗೆ ಗೊತ್ತು. ಕೇಳದೆ ಬಂದ ಆ ನೀರನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನು ಮುಟ್ಟುವ ವಿಷಯ. ಎದೆಹಾಲು ಕುಡಿಸುವಾಗ ಹೆಂಗಸರ ಮೈಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆ ಇರುತ್ತದೆ. ಒಣಗಿದಂತಾಗಿ ನೋವಾಗಬಹುದು, ಆಸೆಯೂ ಕಡಿಮೆಯಾಗಬಹುದು. ಮೇಲಾಗಿ ಇಡೀ ದಿನ ಮಗು ಮೈಗೆ ಅಂಟಿಕೊಂಡೇ ಇರುತ್ತದೆ. ಸಂಜೆಗೆ ಯಾರೂ ಮುಟ್ಟದಿದ್ದರೆ ಸಾಕು ಅನಿಸುವುದು ಸಹಜ. ಅದು ನಿಮ್ಮ ಮೇಲಿನ ಬೇಸರವಲ್ಲ. ಸದ್ಯಕ್ಕೆ ಸುಮ್ನೆ ಪಕ್ಕದಲ್ಲಿ ಕೂತು ಮಾತಾಡಿ, ಆದರೆ ಮಗುವಿನ ವಿಷಯ ಬಿಟ್ಟು. ನೋವಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಔಷಧಿ ಇದೆ.

ಒಂದು ಮಾತ್ರ ಗಮನಿಸಿ. ಎರಡು ವಾರಕ್ಕಿಂತ ಜಾಸ್ತಿ ದಿನ ಕಾರಣವಿಲ್ಲದೆ ಅಳು, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು, 'ನಾನು ಒಳ್ಳೆ ತಾಯಿ ಅಲ್ಲ' ಎಂಬ ಮಾತು ಕಂಡರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡೇ ಇದೆ. ನಿಮಗೂ ಮನಸ್ಸು ಕುಗ್ಗಿದರೆ ಅದೇ ನಂಬರ್.

ಆಕೆಯ 26 ವಾರದ ರಜೆ ಇನ್ನೇನು ಮುಗಿಯುತ್ತದೆ. ಒಂಬತ್ತನೇ ತಿಂಗಳಿಗೆ ದಡಾರ ಲಸಿಕೆ ಹಾಕಿಸಬೇಕು. ಆ ದಿನ ರಜೆ ನೀವೇ ಹಾಕಿ. ಲಸಿಕೆಗಳ ವಿವರ ಬರೆಯುವ ತಾಯಿ ಕಾರ್ಡ್ ಎಲ್ಲಿದೆ ಅಂತ ನಿಮಗೆ ಗೊತ್ತಾ? ಇವತ್ತೇ ಕೇಳಿ ತಿಳಿದುಕೊಳ್ಳಿ.