ಕಣ್ಣರೆಪ್ಪೆಯ ಮಚ್ಚೆಗೆ ಯಾವ ಕೋಡ್?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಅಮೆರಿಕದ ಕ್ಲಿನಿಕ್‌ಗಳಿಗೆ ಮೆಡಿಕಲ್ ಕೋಡಿಂಗ್ ಮಾಡುತ್ತೇನೆ, ಅಂದರೆ ಡಾಕ್ಟರ್ ಬರೆದ ರೋಗಕ್ಕೆ ವಿಮೆ ಬಿಲ್‌ಗಾಗಿ ಕೋಡ್ ಹಾಕುವ ಕೆಲಸ. ‘ಬಲಗಣ್ಣಿನ ಕೆಳರೆಪ್ಪೆಯಲ್ಲಿ ಮಚ್ಚೆ, ತೆಗೆದು ಪರೀಕ್ಷೆಗೆ ಕಳಿಸಿದೆ’ ಎಂದು ಡಾಕ್ಟರ್ ಬರೆದಿದ್ದಾರೆ. ರಿಪೋರ್ಟ್ ಬಂದಿಲ್ಲ. ಡಿ48.5 ಹಾಕಿ ಕಳಿಸಲಾ?

ಉತ್ತರ: ಬೇಡ, ದಯವಿಟ್ಟು ಹಾಕಬೇಡಿ. ಡಿ48.5 ಎಂದರೆ ‘ನಮಗಿನ್ನೂ ಗೊತ್ತಿಲ್ಲ’ ಅಂತಲ್ಲ. ಪೆಥಾಲಜಿಸ್ಟ್ (ತೆಗೆದ ಭಾಗವನ್ನು ಪರೀಕ್ಷಿಸುವ ವೈದ್ಯರು) ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಇದು ಕ್ಯಾನ್ಸರ್ ಆಗುತ್ತದೋ ಇಲ್ಲವೋ ಹೇಳಲಾಗದು ಎಂದು ಬರೆದಾಗ ಮಾತ್ರ ಅದು. ಈ ತಪ್ಪು ತುಂಬಾ ಜಾಸ್ತಿ ಆಗುತ್ತದೆ, ಮತ್ತು ರೋಗಿಯ ದಾಖಲೆಯಲ್ಲಿ ಸುಮ್ನೆ ಒಂದು ಅನುಮಾನ ಉಳಿದುಬಿಡುತ್ತದೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ರಿಪೋರ್ಟ್ ಬರುವವರೆಗೆ ಬಿಲ್ ತಡೆಹಿಡಿಯಿರಿ. ಸಾಮಾನ್ಯ ಮಚ್ಚೆ ಎಂದು ಬಂದರೆ ಡಿ22.112. ಇಲ್ಲಿ ಕೊನೆಯ ಅಂಕಿಗಳನ್ನು ಗಮನಿಸಿ: 2018ರ ಅಕ್ಟೋಬರ್‌ನಿಂದ ಅಮೆರಿಕದ ರೋಗ-ಕೋಡ್ ಪಟ್ಟಿಯಲ್ಲಿ ಮೇಲ್ರೆಪ್ಪೆ, ಕೆಳರೆಪ್ಪೆ ಬೇರೆ ಬೇರೆ. ಬಲ ಮೇಲ್ರೆಪ್ಪೆ ಡಿ22.111, ಎಡ ಮೇಲ್ರೆಪ್ಪೆ ಡಿ22.121, ಎಡ ಕೆಳರೆಪ್ಪೆ ಡಿ22.122. ಡಾಕ್ಟರ್ ಮೇಲೋ ಕೆಳಗೋ ಬರೆಯದಿದ್ದರೆ ಊಹಿಸಬೇಡಿ, ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ಮೂಲ ರೋಗ-ಕೋಡ್ ಪಟ್ಟಿಯಲ್ಲಿ ಇವೆಲ್ಲಕ್ಕೂ ಡಿ22.1 ಒಂದೇ, ಆದ್ದರಿಂದ ಎರಡೂ ಪಟ್ಟಿ ಬಳಸುವವರು ಗೊಂದಲಕ್ಕೆ ಬೀಳುತ್ತಾರೆ, ಅಲ್ವಾ?

ಮೆಲನೋಮಾ (ಚರ್ಮದ ಒಂದು ಬಗೆಯ ಕ್ಯಾನ್ಸರ್) ಎಂದು ಬಂದರೆ ಸಿ43.1 ಗುಂಪಿಗೆ ಹೋಗಿ. ‘ಮೆಲನೋಮಾ ಇರಬಹುದು’ ಎಂಬ ಡಾಕ್ಟರ್ ಮಾತೊಂದನ್ನೇ ನಂಬಿ ಹೊರರೋಗಿ ಬಿಲ್‌ನಲ್ಲಿ ಆ ಕೋಡ್ ಕೊಡುವಂತಿಲ್ಲ. ಇನ್ನೊಂದು, ಮಚ್ಚೆ ಬೆಳೆದಿದೆ, ರಕ್ತ ಬರುತ್ತಿದೆ, ಅಲ್ಲಿನ ರೆಪ್ಪೆಗೂದಲು ಉದುರಿದೆ ಎಂದು ಟಿಪ್ಪಣಿಯಲ್ಲಿ ಇದೆಯೇ ನೋಡಿ. ಅದು ಇಲ್ಲದಿದ್ದರೆ ವಿಮೆಯವರು ಇದನ್ನು ಅಂದಕ್ಕಾಗಿ ಮಾಡಿದ್ದು ಎಂದು ತಳ್ಳಿಹಾಕಬಹುದು.