ಸ್ಥಳೀಯ ಗುಂಪುಗಳಿಗೆ ರಾಷ್ಟ್ರೀಯ ಸಂಸ್ಥೆಯ ನೆರವು

ಪ್ರಶ್ನೆ: ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಹಣ ಎಂಬುದನ್ನು ಆಯಾ ಪ್ರದೇಶದ ಕುಟುಂಬ ವೈದ್ಯರ ಗುಂಪುಗಳೇ ತೀರ್ಮಾನಿಸುತ್ತಿದ್ದವು ಎಂದು ಓದಿದೆ. ಅಷ್ಟು ಪರಿಣತಿ ಅವುಗಳಿಗೆ ಎಲ್ಲಿಂದ ಬರುತ್ತಿತ್ತು? ಚಿಕಿತ್ಸೆಗಳ ಬಗ್ಗೆ ಶಿಫಾರಸು ಮಾಡುವ ರಾಷ್ಟ್ರೀಯ ಸಂಸ್ಥೆ ‘ನೈಸ್’ ಅವುಗಳ ಮೇಲಧಿಕಾರಿಯೇ?

ಉತ್ತರ: ಮೇಲಧಿಕಾರಿಯಲ್ಲ. 2012ರ ಕಾಯ್ದೆಯ ಪ್ರಕಾರ 2013ರ ಏಪ್ರಿಲ್ 1ರಂದು ಹೊಣೆ ವಹಿಸಿಕೊಂಡ 211 ಗುಂಪುಗಳಿಗೆ ಹಣ ಹಂಚುವ ಮತ್ತು ಅವುಗಳ ಕೆಲಸವನ್ನು ಪರಿಶೀಲಿಸುವ ಅಧಿಕಾರ, ಸರ್ಕಾರಿ ಆರೋಗ್ಯ ಸೇವೆಯ ಉಸ್ತುವಾರಿ ಸಂಸ್ಥೆಯಾದ ಎನ್‌ಎಚ್‌ಎಸ್ ಇಂಗ್ಲೆಂಡಿನದಾಗಿತ್ತು. 1999ರಲ್ಲಿ ಆರಂಭವಾದ ನೈಸ್ ಕೊಡುತ್ತಿದ್ದುದು ಪುರಾವೆ. ಒಂದು ಔಷಧದ ಬಗ್ಗೆ ನಡೆದಿರುವ ಸಂಶೋಧನೆಗಳನ್ನೆಲ್ಲ ಕಲೆಹಾಕಿ, ಅದರಿಂದ ರೋಗಿಗೆ ಸಿಗುವ ಪ್ರಯೋಜನವು ತಗಲುವ ವೆಚ್ಚಕ್ಕೆ ತಕ್ಕುದೇ ಎಂದು ತೂಗಿ ನೋಡುವ ಕೆಲಸ, ದಿನವಿಡೀ ರೋಗಿಗಳನ್ನು ನೋಡುವ ವೈದ್ಯರಿಂದ ಆಗುವಂಥದ್ದಲ್ಲ. ಅದನ್ನು 211 ಕಡೆ 211 ಬಾರಿ ಮಾಡುವುದರಲ್ಲಿ ಅರ್ಥವೂ ಇಲ್ಲ.

ಇದರಲ್ಲಿ ಹೆಚ್ಚು ಉಪಯುಕ್ತವೆಂದು ನನಗೆ ತೋರುವುದು ವೆಚ್ಚ ಅಂದಾಜಿನ ಕೋಷ್ಟಕಗಳು. ಶಿಫಾರಸಿನ ಜೊತೆಗೆ ಬರುವ ಈ ಕೋಷ್ಟಕದಲ್ಲಿ ತಮ್ಮ ಪ್ರದೇಶದ ಜನಸಂಖ್ಯೆಯನ್ನು ತುಂಬಿದರೆ, ಎಷ್ಟು ಮಂದಿಗೆ ಆ ಚಿಕಿತ್ಸೆ ಬೇಕಾಗಬಹುದು, ಖರ್ಚು ಎಷ್ಟು ಏರಬಹುದು ಅಥವಾ ಇಳಿಯಬಹುದು ಎಂಬ ಅಂದಾಜು ಸಿಗುತ್ತದೆ. ಬಜೆಟ್ ಸಭೆಗೆ ಬೇಕಾದದ್ದು ಇಂಥ ಲೆಕ್ಕವೇ ಹೊರತು ಬರಿಯ ಉಪದೇಶವಲ್ಲ.

ಆದರೆ ಎಲ್ಲ ಶಿಫಾರಸಿಗೂ ಒಂದೇ ಬಲವಿಲ್ಲ. ತಂತ್ರಜ್ಞಾನ ಮೌಲ್ಯಮಾಪನದಲ್ಲಿ, ಅಂದರೆ ಒಂದು ಔಷಧದ ಪ್ರಯೋಜನ ಮತ್ತು ವೆಚ್ಚವನ್ನು ತೂಗುವ ಪರಿಶೀಲನೆಯಲ್ಲಿ, ನೈಸ್ ಒಪ್ಪಿದ ಔಷಧಕ್ಕೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಹಣ ಒದಗಿಸಲೇಬೇಕೆಂಬ ಕಾನೂನಿದೆ. ಇದಕ್ಕೆಂದು ಪ್ರತ್ಯೇಕ ಅನುದಾನವೇನೂ ಬರುವುದಿಲ್ಲವಾದ್ದರಿಂದ, ಇರುವ ಗಂಟಿನಲ್ಲೇ ಬೇರೆ ಯಾವುದಾದರೂ ಸೇವೆಯ ಖರ್ಚನ್ನು ಕಡಿತಗೊಳಿಸಬೇಕಾಗುತ್ತದೆ. ಚಿಕಿತ್ಸಾ ಮಾರ್ಗಸೂಚಿಗಳಿಗಾದರೋ ಈ ಕಡ್ಡಾಯವಿಲ್ಲ. ಬಂಜೆತನದ ಮಾರ್ಗಸೂಚಿಯನ್ನೇ ನೋಡಿ: ಅರ್ಹರಾದ, 40 ವರ್ಷದೊಳಗಿನ ಮಹಿಳೆಯರಿಗೆ ಐವಿಎಫ್‌ನ (ಪ್ರನಾಳ ಶಿಶು ಚಿಕಿತ್ಸೆಯ) ಮೂರು ಪೂರ್ಣ ಸುತ್ತುಗಳನ್ನು ಕೊಡಬೇಕೆಂದು ನೈಸ್ ಹೇಳಿದ್ದರೂ, ಹಲವು ಗುಂಪುಗಳು ಒಂದೇ ಸುತ್ತಿಗೆ ಹಣ ಕೊಟ್ಟವು, ಕೆಲವು ಅದನ್ನೂ ನಿಲ್ಲಿಸಿದವು. ಅಲ್ಲಿನವರು ಇದನ್ನು ‘ಪೋಸ್ಟ್‌ಕೋಡ್ ಲಾಟರಿ’, ಅಂದರೆ ವಾಸದ ಊರಿನ ಮೇಲೆ ನಿಂತ ಅದೃಷ್ಟದಾಟ, ಎಂದು ಕರೆದು ಖಂಡಿಸಿದ್ದು ನ್ಯಾಯವಾಗಿಯೇ ಇದೆ. ಸ್ಥಳೀಯ ಅಗತ್ಯವನ್ನು ಸ್ಥಳೀಯರೇ ಬಲ್ಲರೆಂಬುದು ನಿಜ; ಆದರೆ ಪಕ್ಕದ ಜಿಲ್ಲೆಯ ದಂಪತಿಗೆ ಸಿಗುವ ಚಿಕಿತ್ಸೆ ತಮಗಿಲ್ಲವೆಂದಾಗ ಅದನ್ನು ಅಗತ್ಯದ ವ್ಯತ್ಯಾಸವೆಂದು ಸಮರ್ಥಿಸಲಾಗದು.

2022ರ ಜುಲೈ 1ರಂದು ಈ ಗುಂಪುಗಳು ರದ್ದಾಗಿ, ಅವುಗಳ ಹೊಣೆ 42 ಸಮಗ್ರ ಆರೈಕೆ ಮಂಡಳಿಗಳಿಗೆ ಹೋಯಿತು. ಮೂರು ತಿಂಗಳ ಆ ನಿಯಮ ಈ ಮಂಡಳಿಗಳಿಗೂ ಅನ್ವಯಿಸುತ್ತದೆ.