ಟೆರೊಡ್ಡೆ ಸೋತ ಆಟಗಾರನಾ? ನನಗೆ ಹಾಗನಿಸೋದಿಲ್ಲ

ಜರ್ಮನಿಯ ಅತ್ಯುನ್ನತ ಫುಟ್‌ಬಾಲ್ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ನೆಲೆ ನಿಲ್ಲದ ಸ್ಟ್ರೈಕರ್ ಸಿಮೋನ್ ಟೆರೊಡ್ಡೆಯನ್ನು ಜರ್ಮನ್ನರು ಯಾಕೆ ಅಷ್ಟು ಹಚ್ಚಿಕೊಂಡಿದ್ದಾರೆ ಅಂತ ಕೇಳಿದ್ದೀರಿ. ಮೇಲಿನ ಲೀಗ್‌ನಲ್ಲಿ ಅವರು ಹೊಡೆದ ಗೋಲು ಕಡಿಮೆ, ನಿಜ. ಆದರೆ ಎರಡನೇ ಡಿವಿಷನ್‌ನಲ್ಲಿ ಅವರಂಥವರು ಇನ್ನೊಬ್ಬರಿಲ್ಲ.

ಹುಟ್ಟಿದ್ದು 1988ರಲ್ಲಿ, ಬೋಖೋಲ್ಟ್‌ನಲ್ಲಿ. ಯೂನಿಯನ್ ಬರ್ಲಿನ್, ಬೋಖುಮ್ ಅಂತ ಕ್ಲಬ್‌ನಿಂದ ಕ್ಲಬ್‌ಗೆ ಹೋದರು. ಎರಡನೇ ಡಿವಿಷನ್‌ನಲ್ಲಿ ನಾಲ್ಕು ಸೀಸನ್‌ಗಳಲ್ಲಿ ಅತಿ ಹೆಚ್ಚು ಗೋಲು ಅವರದೇ: ಬೋಖುಮ್ ಪರ ಆಡಿ 25, ಸ್ಟುಟ್‌ಗಾರ್ಟ್ ಪರ 25, ಕೋಲ್ನ್ ಪರ 29, ಶಾಲ್ಕೆ ಪರ 30. ಕೊನೆಯ ಮೂರೂ ತಂಡಗಳು ಆಯಾ ವರ್ಷವೇ ಬುಂಡೆಸ್‌ಲೀಗಾಕ್ಕೆ ಮೇಲೆ ಹೋದವು. ಅದೇನು ಸುಮ್ನೆ ಆಗೋ ಮಾತಾ? ಎರಡನೇ ಡಿವಿಷನ್‌ನಲ್ಲಿ ಒಟ್ಟು ಅತಿ ಹೆಚ್ಚು ಗೋಲು ಹೊಡೆದ ಡೀಟರ್ ಶಾಟ್ಸ್‌ಶ್ನೈಡರ್ ಅವರ 153 ಗೋಲುಗಳ ದಾಖಲೆ ದಶಕಗಳ ಕಾಲ ಹಾಗೇ ನಿಂತಿತ್ತು. 2021ರ ಅಕ್ಟೋಬರ್‌ನಲ್ಲಿ ಟೆರೊಡ್ಡೆ ಅದನ್ನೂ ದಾಟಿದರು.

ಒಂದೇ ಒಂದು ಪಂದ್ಯ ನೋಡೋದಾದರೆ 2022ರ ಮೇ 7ರ ಶಾಲ್ಕೆ–ಸೇಂಟ್ ಪೌಲಿ ನೋಡಿ. ಅರ್ಧ ಆಟ ಮುಗಿದಾಗ ಶಾಲ್ಕೆ 0–2 ಹಿಂದೆ. ವಿರಾಮದ ನಂತರ ಟೆರೊಡ್ಡೆ ಎರಡು ಹೊಡೆದು ಸಮ ಮಾಡಿದರು. ಆಮೇಲೆ ಶಾಲ್ಕೆಯ ರೊಡ್ರಿಗೊ ಜಲಜಾರ್ ಮೂರನೆಯದು ಹೊಡೆದರು. ಆ ಗೆಲುವಿನಿಂದ ಶಾಲ್ಕೆ ಬುಂಡೆಸ್‌ಲೀಗಾಕ್ಕೆ ಹೋಗೋದು ಖಚಿತವಾಯ್ತು. ಸೀಟಿ ಊದಿದ್ದೇ ತಡ, ಜನ ಮೈದಾನಕ್ಕೇ ನುಗ್ಗಿಬಿಟ್ಟರು. ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಟೆರೊಡ್ಡೆ ಗಾಳಿಯಂತೆ ಓಡುವವರಾಗಿರಲಿಲ್ಲ. ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು (ಕ್ರಾಸ್) ಬಂದಾಗ ಡಿಫೆಂಡರ್‌ಗಿಂತ ಅರ್ಧ ಹೆಜ್ಜೆ ಮುಂಚೆ ಅಲ್ಲಿರುತ್ತಿದ್ದರು, ಅಷ್ಟೇ. 2024ರಲ್ಲಿ ಶಾಲ್ಕೆಯಲ್ಲೇ ಆಟ ಮುಗಿಸಿದರು.